ಓದುಗರ ಪ್ರಶ್ನೆ: ಐಸ್‌ಲ್ಯಾಂಡಿನ ಮೀನಿನ ಲೆಕ್ಕ, ನೆಲದ ಬಿಸಿನೀರು, ಅಪ್ಪನ ಹೆಸರು

ಐಸ್‌ಲ್ಯಾಂಡ್ ಕುರಿತು ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ದೇಶದ ಅಳತೆ ಮೊದಲೇ ಮನಸ್ಸಿನಲ್ಲಿದ್ದರೆ ಉಳಿದದ್ದು ಸಲೀಸಾಗಿ ತಿಳಿಯುತ್ತದೆ. ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್. ಜನಸಂಖ್ಯೆ ನಾಲ್ಕು ಲಕ್ಷವನ್ನೂ ಮುಟ್ಟಿಲ್ಲ, ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಅಕ್ಕಪಕ್ಕದಲ್ಲೇ ಇದೆ. ನಡುನಾಡು ಲಾವಾ, ಮರಳು, ಹಿಮನದಿ, ಅಲ್ಲಿ ಊರುಗಳಿಲ್ಲ. ಊರುಗಳು ಬಹುತೇಕ ಕಡಲ ಅಂಚಿನಲ್ಲಿ.

ಪ್ರಶ್ನೆ: ಅಲ್ಲಿ ಮೀನು ಹಿಡಿಯುವ ಹಕ್ಕನ್ನೇ ಕೊಂಡು ಮಾರುತ್ತಾರೆ ಎಂದು ಓದಿದೆ. ಕಡಲಿನಲ್ಲಿ ಈಜುವ ಮೀನಿಗೆ ಒಡೆಯರು ಯಾರು? ಲೆಕ್ಕ ಹೇಗೆ ಹಾಕುತ್ತಾರೆ?

ಕಾನೂನಿನ ಪ್ರಕಾರ ಒಡೆತನ ಇಡೀ ರಾಷ್ಟ್ರದ್ದು. 1990ರ ಮೀನುಗಾರಿಕೆ ನಿರ್ವಹಣಾ ಕಾಯ್ದೆ ಶುರುವಾಗುವುದೇ ಆ ಮಾತಿನಿಂದ. ಮಾರಾಟವಾಗುವುದು ಮೀನು ಹಿಡಿಯುವ ಪಾಲು.

ಲೆಕ್ಕ ಶುರುವಾಗುವುದು ಕಡಲಲ್ಲೇ. 1985ರಿಂದ ಪ್ರತಿ ವರ್ಷ ಮಾರ್ಚ್ ಸುಮಾರಿಗೆ ಸಂಶೋಧನಾ ಹಡಗುಗಳೂ ಬಾಡಿಗೆ ಟ್ರಾಲರ್‌ಗಳೂ ಗೊತ್ತುಮಾಡಿದ ಅವೇ ಜಾಗಗಳಲ್ಲಿ, ಅದೇ ಬಗೆಯ ಬಲೆ ಎಳೆಯುತ್ತವೆ. ಬಲೆಯೂ ಜಾಗವೂ ಬದಲಾಗದಿರುವುದರಿಂದ, ಸಿಕ್ಕಿದ್ದು ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದಕ್ಕೆ ಅರ್ಥ ಬರುತ್ತದೆ. ಇದರ ಮೇಲೆ, ನಾಲ್ಕು ವರ್ಷ ತುಂಬಿದ, ಕಾಡ್ ಎಂಬ ಜಾತಿಯ ಮೀನಿನ ಒಟ್ಟು ತೂಕವನ್ನು ಅಂದಾಜು ಮಾಡುತ್ತಾರೆ. ಅದರ ಶೇ. 20ನ್ನು ತೆಗೆದುಕೊಂಡು ಹಿಂದಿನ ವರ್ಷ ಹಿಡಿಯಲು ಕೊಟ್ಟ ಮಿತಿಯ ಜೊತೆ ಸರಾಸರಿ ಮಾಡಿದರೆ ಈ ವರ್ಷದ ಮಿತಿ ಬರುತ್ತದೆ. ಒಂದು ವರ್ಷದ ಅಂದಾಜು ತಪ್ಪಿದರೂ ದೋಣಿಗಳ ದುಡಿಮೆ ಒಮ್ಮೆಲೇ ಕುಸಿಯಬಾರದು, ಸರಾಸರಿ ಅದಕ್ಕಾಗಿ. ಇತ್ತೀಚಿನ ವರ್ಷಗಳಲ್ಲಿ ಕಾಡ್ ಮೀನಿನ ಮಿತಿ 2 ಲಕ್ಷ ಟನ್‌ಗಿಂತ ತುಸು ಮೇಲಿದೆ. 1950ರ ದಶಕದಲ್ಲಿ ಎಲ್ಲ ದೇಶದವರೂ ಸೇರಿ ವರ್ಷಕ್ಕೆ 5 ಲಕ್ಷ ಟನ್ ಮೀರಿ ಬಾಚಿದ್ದುಂಟು.

ಮೀನಿನ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಮಿತಿ 2,00,000 ಟನ್ ಎಂದುಕೊಳ್ಳಿ. ಮೊದಲು ಶೇ. 5.3, ಅಂದರೆ 10,600 ಟನ್, ಸಣ್ಣ ಊರುಗಳಿಗೂ ಕರಾವಳಿಯ ಕಿರು ದೋಣಿಗಳಿಗೂ ಎತ್ತಿಡುತ್ತಾರೆ. ಉಳಿದ 1,89,400 ಟನ್ ಪಾಲುದಾರರಿಗೆ. ಒಂದು ಹಡಗಿನ ಪಾಲು ಶೇ. 0.5 ಆಗಿದ್ದರೆ ಅದಕ್ಕೆ ಆ ವರ್ಷ 947 ಟನ್. ಪಾಲು ಕಾಯಂ, ಟನ್ನು ಮಾತ್ರ ವರ್ಷವರ್ಷವೂ ಏರಿಳಿಯುತ್ತದೆ. ಪಾಲನ್ನೇ ಮಾರಬಹುದು, ಇಲ್ಲವೇ ಆ ವರ್ಷದ ಟನ್ನುಗಳನ್ನಷ್ಟೇ ಇನ್ನೊಬ್ಬರಿಗೆ ಗೇಣಿಗೆ ಕೊಡಬಹುದು. ಬಳಸದೆ ಉಳಿದದ್ದನ್ನು, ಆ ವರ್ಷದ ಟನ್ನಿನ ಶೇ. 15ರವರೆಗೆ, ಮುಂದಿನ ವರ್ಷಕ್ಕೆ ಒಯ್ಯಬಹುದು. ಶೇ. 5ರವರೆಗೆ ಹೆಚ್ಚು ಹಿಡಿದರೆ ಮುಂದಿನ ವರ್ಷದ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ.

ಇಂಥ ಪದ್ಧತಿ ಎಲ್ಲಿ ಜಾರಿಯಾದರೂ ಮೊದಲು ಸೋರುವುದು ಹಡಗಿನ ಅಂಚಿನಲ್ಲಿ. ಕೋಟಾ ಮುಗಿದ ಜಾತಿಯ ಮೀನು ಬಲೆಗೆ ಬಿದ್ದರೆ ಮರಳಿ ಕಡಲಿಗೆ ಎಸೆಯುವ ಆಸೆ ಹುಟ್ಟುತ್ತದೆ. ಎಸೆದದ್ದು ಬದುಕುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಐಸ್‌ಲ್ಯಾಂಡ್ ಎಸೆಯುವುದನ್ನು ನಿಷೇಧಿಸಿ ಸುಮ್ಮನಾಗಲಿಲ್ಲ, ಎಸೆಯದಿರಲು ಸಣ್ಣ ಲಾಭವನ್ನೂ ಇಟ್ಟಿತು. ತಳಮೀನಿನ ಹಿಡಿತದಲ್ಲಿ ಶೇ. 5ರವರೆಗೆ ಕೋಟಾದ ಹೊರಗೆ ದಡಕ್ಕೆ ತರಬಹುದು. ಅದನ್ನು ಹರಾಜು ಹಾಕಿ ಬೆಲೆಯ ಶೇ. 20ನ್ನು ಹಡಗಿಗೆ ಕೊಟ್ಟು ಉಳಿದದ್ದನ್ನು ಸಂಶೋಧನಾ ನಿಧಿಗೆ ಹಾಕುತ್ತಾರೆ. ದುಡ್ಡು ಮಾಡಲು ಈ ಶೇ. 20 ಸಾಲದು, ಮೀನನ್ನು ದಡಕ್ಕೆ ತರಲು ಸಾಕು. ಬಹಳ ಯೋಚಿಸಿ ಮಾಡಿದ ನಿಯಮವಿದು.

ದಡಕ್ಕೆ ಬಂದ ಪ್ರತಿ ಬುಟ್ಟಿಯನ್ನೂ ಬಂದರಿನ ಅಧಿಕೃತ ತಕ್ಕಡಿಯಲ್ಲಿ ತೂಗಬೇಕು. ಮೀನಿನ ನಡುವೆ ಐಸ್ ಇರುವುದರಿಂದ ಅದರ ತೂಕವನ್ನು ಕಳೆಯುತ್ತಾರೆ. ಕಳ್ಳತನಕ್ಕೆ ದಾರಿ ಇಲ್ಲಿಯೇ ಇದೆ: ಐಸ್ ಹೆಚ್ಚು ಎಂದು ತೋರಿಸಿದಷ್ಟೂ ಕೋಟಾ ಉಳಿಯುತ್ತದೆ. ಹಾಗಾಗಿ ಮೀನುಗಾರಿಕಾ ನಿರ್ದೇಶನಾಲಯ ಮರುತೂಕದ ಮೇಲೆ ಕಣ್ಣಿಟ್ಟಿರುತ್ತದೆ. ಮರಿಮೀನು ಹೆಚ್ಚು ಸಿಗುವ ಜಾಗವನ್ನು ಅಲ್ಲಿಂದಲ್ಲಿಗೇ ಕೆಲವು ದಿನ ಮುಚ್ಚುವ ಅಧಿಕಾರವೂ ಇದೆ.

ಕಿರು ದೋಣಿಗಳಿಗೆ 2009ರಿಂದ ಬೇರೆಯದೇ ಬಾಗಿಲು ತೆರೆದಿದೆ. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ, ಸೋಮವಾರದಿಂದ ಗುರುವಾರದವರೆಗೆ, ಒಂದು ಸಲ ಹೊರಟರೆ 14 ಗಂಟೆಯೊಳಗೆ ಮರಳಬೇಕು. ನಾಲ್ಕೇ ಗಾಳದ ಯಂತ್ರ. ಒಂದು ಪಯಣಕ್ಕೆ ಕಾಡ್ ಮೀನಿನ ಲೆಕ್ಕದಲ್ಲಿ 650 ಕಿಲೋ. ಇದಕ್ಕೆ ಪಾಲು ಕೊಳ್ಳಬೇಕಿಲ್ಲ, ಪರವಾನಗಿ ಸಾಕು. ತೊಂದರೆ ಏನೆಂದರೆ, ಎಲ್ಲ ದೋಣಿಗಳಿಗೂ ಸೇರಿ ಒಂದು ಮೊತ್ತವಿದೆ. ಅದು ಋತುವಿನ ನಡುವೆಯೇ ಮುಗಿದರೆ ಎಲ್ಲರೂ ದೋಣಿ ಕಟ್ಟಬೇಕು. ಆಗ ಮೀನು ತಡವಾಗಿ ಬರುವ ತೀರದವರು ಬರಿಗೈಯಲ್ಲಿ ಉಳಿಯುತ್ತಾರೆ.

ಈ ಪದ್ಧತಿಯಿಂದ ಮೀನು ಉಳಿಯಿತೇ? ಉಳಿಯಿತು. ಹೆರಿಂಗ್ ಮೀನು 1960ರ ದಶಕದ ಕೊನೆಯಲ್ಲಿ ಕುಸಿದಾಗ ಸಿಗ್ಲುಫ್ಯೋರ್ದುರ್‌ನಂಥ ಊರು ರಾತ್ರೋರಾತ್ರಿ ಬಡವಾಯಿತು. ಕಾಡ್ ಮೀನಿಗೆ ಆ ಗತಿ ಬರಲಿಲ್ಲ. ಊರುಗಳು ಉಳಿದವೇ ಎಂದರೆ ಉತ್ತರ ಅಷ್ಟು ನೇರವಲ್ಲ. ಪಾಲು ಮಾರಬಹುದಾದ್ದರಿಂದ ಒಬ್ಬ ಒಡೆಯ ಮಾರಿದ ದಿನವೇ ಊರಿನ ದೋಣಿ, ಮೀನು ಕತ್ತರಿಸುವ ಕಾರ್ಖಾನೆ, ಅಲ್ಲಿ ದುಡಿಯುವವರ ಕೂಲಿ ಎಲ್ಲವೂ ಬೇರೆ ಬಂದರಿಗೆ ಹೋಗುತ್ತವೆ. ಒಂದೇ ಕಂಪನಿ ಒಟ್ಟು ಕೋಟಾದ ಶೇ. 12ಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಮಿತಿ ಇದ್ದರೂ ಪಾಲು ಕೆಲವೇ ಕೈಗಳಲ್ಲಿ ಸೇರಿದೆ. ಮೊದಲ ಸಲ ಪಾಲು ಹಂಚಿದ್ದು 1980ರ ದಶಕದ ಆರಂಭದಲ್ಲಿ ಯಾರು ಎಷ್ಟು ಹಿಡಿದಿದ್ದರು ಎಂಬುದರ ಮೇಲೆ. ಆಗ ಇದ್ದವರಿಗೆ ಪುಕ್ಕಟೆ ಸಿಕ್ಕಿದ್ದನ್ನು ಆಮೇಲೆ ಬಂದವರು ದುಡ್ಡು ಕೊಟ್ಟು ಕೊಳ್ಳಬೇಕಾಯಿತು. ಇಬ್ಬರು ಮೀನುಗಾರರು ಈ ಅನ್ಯಾಯವನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಯ ಮುಂದೆ ಇಟ್ಟರು. ಇದು ತಾರತಮ್ಯವೇ ಎಂದು 2007ರಲ್ಲಿ ಸಮಿತಿ ಹೇಳಿತು. ರಾಷ್ಟ್ರದ ಸೊತ್ತಿನ ಮೇಲೆ ಕಂಪನಿಗಳು ಎಷ್ಟು ಶುಲ್ಕ ಕಟ್ಟಬೇಕೆಂಬ ಜಗಳ ಅಲ್ಲಿನ ಪ್ರತಿ ಚುನಾವಣೆಯಲ್ಲೂ ಮೇಲೇಳುತ್ತದೆ. ಏಳಲೇಬೇಕು.

ಪ್ರಶ್ನೆ: ಸೈನ್ಯವೇ ಇಲ್ಲದ ಈ ದೇಶ ಬ್ರಿಟನ್ನಿನ ನೌಕಾಪಡೆಯನ್ನು ಸೋಲಿಸಿತಂತೆ, ನಿಜವೇ?

ಸೋಲಿಸಿತು ಎನ್ನುವುದಕ್ಕಿಂತ ಮಣಿಸಿತು ಎನ್ನುವುದು ಸರಿ. ಐಸ್‌ಲ್ಯಾಂಡ್ ತನ್ನ ಮೀನಿನ ಗಡಿಯನ್ನು 1952ರಲ್ಲಿ 4 ಮೈಲಿಗೂ 1958ರಲ್ಲಿ 12ಕ್ಕೂ 1972ರಲ್ಲಿ 50ಕ್ಕೂ 1975ರಲ್ಲಿ 200 ನಾಟಿಕಲ್ ಮೈಲಿಗೂ ಚಾಚಿತು. ಬ್ರಿಟನ್ ಟ್ರಾಲರ್‌ಗಳ ಕಾವಲಿಗೆ ಯುದ್ಧನೌಕೆ ಬಂದವು. ಐಸ್‌ಲ್ಯಾಂಡಿನ ಕರಾವಳಿ ಕಾವಲು ಹಡಗುಗಳಿಗೆ ಇದ್ದ ಮುಖ್ಯ ಆಯುಧ ಒಂದು ಕತ್ತರಿಸುವ ಕೊಕ್ಕೆ: ಅದನ್ನು ಉಕ್ಕಿನ ಹಗ್ಗದಲ್ಲಿ ನೀರಿಗಿಳಿಸಿ, ಟ್ರಾಲರ್‌ನ ಹಿಂದಿನಿಂದ ಅಡ್ಡ ಹಾಯ್ದರೆ ಬಲೆ ಎಳೆಯುವ ತಂತಿ ತುಂಡಾಗಿ ಬಲೆ, ಮೀನು ಎರಡೂ ಕಡಲಪಾಲು. ಆದರೆ ಪಟ್ಟು ಬಿಗಿದದ್ದು ರಾಜಕೀಯ. ನ್ಯಾಟೋ ಸ್ಥಾಪಕ ಸದಸ್ಯ ದೇಶವಾದ ಐಸ್‌ಲ್ಯಾಂಡ್, ಕೆಫ್ಲಾವಿಕ್‌ನಲ್ಲಿದ್ದ ಅಮೆರಿಕದ ನೆಲೆಯನ್ನು ಮುಚ್ಚಿಸುವ ಮಾತೆತ್ತಿತು. 1976ರಲ್ಲಿ ಒಪ್ಪಂದವಾಯಿತು. ಬ್ರಿಟನ್ನಿನ ಹಲ್, ಗ್ರಿಮ್ಸ್‌ಬಿ ಬಂದರುಗಳಲ್ಲಿ ಇದರಿಂದ ಕೆಲಸ ಕಳೆದುಕೊಂಡವರನ್ನೂ ನೆನೆಯಬೇಕು. ಯುರೋಪಿಯನ್ ಒಕ್ಕೂಟಕ್ಕೆ ಐಸ್‌ಲ್ಯಾಂಡ್ ಸೇರದೆ ಉಳಿದಿರುವುದಕ್ಕೂ ಮೀನಿನ ಮೇಲಿನ ಹಿಡಿತ ಬಿಡಲು ಮನಸ್ಸಿಲ್ಲದಿರುವುದೇ ದೊಡ್ಡ ಕಾರಣ.

ಪ್ರಶ್ನೆ: ಕೊಳೆಸಿದ ಶಾರ್ಕ್ ತಿನ್ನುತ್ತಾರಲ್ಲ, ಅದನ್ನು ಹಸಿಯಾಗಿ ಏಕೆ ತಿನ್ನಬಾರದು? ಅವರ ಸ್ಕೀರ್ ಎಂಬ ಮೊಸರನ್ನು ಮನೆಯಲ್ಲಿ ಮಾಡಬಹುದೇ?

ಶಾರ್ಕ್ ಮೊದಲು. ಹೌಕಾರ್ಟ್ಲ್ ಎನ್ನುವ ಇದಕ್ಕೆ ಬಳಸುವುದು ಗ್ರೀನ್‌ಲ್ಯಾಂಡ್ ಶಾರ್ಕ್. ಅದರ ಮಾಂಸದಲ್ಲಿ ಯೂರಿಯಾ ಮತ್ತು ಟ್ರೈಮೀಥೈಲಮೀನ್ ಆಕ್ಸೈಡ್ ತುಂಬಿರುತ್ತದೆ. ಹಸಿ ಮಾಂಸ ಹೊಟ್ಟೆಗೆ ಹೋದರೆ ಎರಡನೆಯದು ಟ್ರೈಮೀಥೈಲಮೀನ್ ಆಗಿ, ಕುಡಿದವರಂತೆ ತೂರಾಡಿಸುವ ವಿಷವಾಗುತ್ತದೆ. ಹಿಂದೆ ದಡದ ಜಲ್ಲಿ ಮರಳಿನಲ್ಲಿ ತಗ್ಗು ತೋಡಿ, ತುಂಡು ಹಾಕಿ, ಮರಳು ಮುಚ್ಚಿ, ಮೇಲೆ ಕಲ್ಲು ಹೇರುತ್ತಿದ್ದರು. ಕಲ್ಲಿನ ಭಾರಕ್ಕೆ ರಸ ಇಳಿದು ಜಲ್ಲಿಯೊಳಗೆ ಬಸಿದುಹೋಗುತ್ತಿತ್ತು. ಇಂದು ಅದೇ ಕೆಲಸಕ್ಕೆ ತೂತಿರುವ ಪೆಟ್ಟಿಗೆ ಬಳಸುತ್ತಾರೆ. ಆರರಿಂದ ಹನ್ನೆರಡು ವಾರದ ಬಳಿಕ ಹೊರತೆಗೆದು ಉದ್ದುದ್ದ ಸೀಳಿ, ಪಕ್ಕಗಳು ತೆರೆದ ಚಪ್ಪರದಲ್ಲಿ ಕೆಲವು ತಿಂಗಳು ನೇತುಹಾಕಬೇಕು. ಗಾಳಿ ಆಡಬೇಕು, ಮಳೆ ತಾಕಬಾರದು. ಹೊರಗೆ ಕಂದು ಹೊಪ್ಪಳೆ ಕಟ್ಟಿದಾಗ ಹದವಾಯಿತೆಂದು ಅರ್ಥ. ಹೊಪ್ಪಳೆ ಕೆತ್ತಿ ಒಳಗಿನದನ್ನು ಸಣ್ಣ ಚೌಕಗಳಾಗಿ ತಿನ್ನುತ್ತಾರೆ. ರಸ ಬಸಿಯದಿದ್ದರೆ ವಿಷ ಒಳಗೇ ಉಳಿಯುತ್ತದೆ, ಬೆಚ್ಚನೆಯ ಹವೆಯಲ್ಲಿ ನೇತುಹಾಕಿದರೆ ನೊಣ ಮುತ್ತುತ್ತದೆ. ಮೂಗಿಗೆ ಅಮೋನಿಯಾ ಹೊಡೆಯುವುದು ಕೆಟ್ಟುಹೋದ ಗುರುತಲ್ಲ, ಅದರ ಸಹಜ ಗುಣ. ದಿನನಿತ್ಯದ ಊಟವೂ ಇದಲ್ಲ. ಜನವರಿ ಕೊನೆಯಿಂದ ಫೆಬ್ರವರಿವರೆಗಿನ ಥೋರಿ ಮಾಸದ ಔತಣಗಳಲ್ಲಿ ಮುಖ್ಯವಾಗಿ ತಿನ್ನುತ್ತಾರೆ. ದಿನವೂ ಜಗಿಯುವುದು ಹರ್ದ್‌ಫಿಸ್ಕೂರ್, ಅಂದರೆ ಗಾಳಿಗೆ ಒಣಗಿಸಿ ಜಜ್ಜಿದ ಮೀನು, ಬೆಣ್ಣೆ ಹಚ್ಚಿಕೊಂಡು.

ಸ್ಕೀರ್ ಮೊಸರಿನಂತೆ ಕಂಡರೂ ಮಾಡುವ ಕ್ರಮದಲ್ಲಿ ಗಿಣ್ಣಿನ (ಚೀಸ್) ಜಾತಿ. ಕೆನೆ ತೆಗೆದ ಹಾಲು 4 ಲೀಟರ್‌ಗೆ ಸುಮಾರು 1 ಕಿಲೋ ಸಿಗುತ್ತದೆ. ಹಾಲನ್ನು 85ರಿಂದ 90 ಡಿಗ್ರಿಗೆ ಕಾಯಿಸಿ ಕೆಲವು ನಿಮಿಷ ಅಲ್ಲೇ ನಿಲ್ಲಿಸಿ, 40 ಡಿಗ್ರಿಗೆ ಆರಿಸಿ. ರುಚಿ ಬೆರೆಸದ, ಜೀವಂತ ಹೆಪ್ಪಿರುವ ಸ್ಕೀರ್ ಎರಡು ಚಮಚವನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಸೇರಿಸಿ. ಜೊತೆಗೆ ಎರಡು ಮೂರು ಹನಿ ರೆನೆಟ್, ಅಂದರೆ ಹಾಲನ್ನು ಗಟ್ಟಿಯಾಗಿಸುವ ಕಿಣ್ವ. ಕರುವಿನ ಹೊಟ್ಟೆಯಿಂದ ತೆಗೆದದ್ದು ಬೇಡವೆನ್ನುವವರಿಗೆ ಸೂಕ್ಷ್ಮಜೀವಿಯಿಂದ ತಯಾರಾದ ರೆನೆಟ್ ಸಿಗುತ್ತದೆ. ಮುಚ್ಚಿ, ಬೆಚ್ಚಗಿಟ್ಟು, ಅಲುಗಿಸದೆ ಐದಾರು ಗಂಟೆ ಬಿಡಿ. ಹೆಪ್ಪುಗಟ್ಟಿದ ಮೇಲೆ ಚಾಕುವಿನಿಂದ ಗೆರೆ ಎಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ತಣ್ಣನೆಯ ಕಡೆ ರಾತ್ರಿಯಿಡೀ ತೂಗುಹಾಕಿ. ಹಾಲು 45 ಡಿಗ್ರಿಗಿಂತ ಬಿಸಿಯಿದ್ದಾಗ ಹೆಪ್ಪು ಹಾಕಿದರೆ ಅದು ಸಾಯುತ್ತದೆ. ರೆನೆಟ್ ಹೆಚ್ಚಾದರೆ ರಬ್ಬರಿನಂತೆ ಎಳೆಯುತ್ತದೆ, ತಿಂದಾಗ ತರಿ ಸಿಗುತ್ತದೆ. ಕೆನೆ ಹಾಲು ಬಳಸಿದರೆ ಜಿಡ್ಡಾಗಿ ಮೆತ್ತಗೆ ಉಳಿಯುತ್ತದೆ, ಸ್ಕೀರ್‌ನ ಬಿಗಿ ಬರುವುದಿಲ್ಲ. ಬಸಿದ ಹುಳಿನೀರನ್ನು ಚೆಲ್ಲಬೇಡಿ. ಉಪ್ಪು ದುಬಾರಿಯಾಗಿದ್ದ ಶತಮಾನಗಳಲ್ಲಿ ಐಸ್‌ಲ್ಯಾಂಡಿನವರು ಚಳಿಗಾಲಕ್ಕೆಂದು ಮಾಂಸವನ್ನು ಕೆಡದಂತೆ ಇಟ್ಟದ್ದು ಆ ನೀರಿನಲ್ಲೇ.

ಪ್ರಶ್ನೆ: ಮನೆಮನೆಗೆ ನೆಲದೊಳಗಿನ ಬಿಸಿನೀರು ನಲ್ಲಿಯಲ್ಲಿ ಬರುತ್ತದೆಯಂತೆ. ಜ್ವಾಲಾಮುಖಿ ಎದ್ದರೆ ಅದರ ಗತಿ ಏನು?

ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಿರುವುದು ಈ ನೀರಿನಿಂದಲೇ. ರೇಕ್ಯಾವಿಕ್‌ನಲ್ಲಿ ಇದು 1930ರಲ್ಲಿ ಶುರುವಾಯಿತು. ಹೆಂಗಸರು ಬಟ್ಟೆ ಒಗೆಯುತ್ತಿದ್ದ ಬಿಸಿ ಊಟೆಗಳ ಬಳಿ ಬಾವಿ ಕೊರೆದು ಒಂದು ಶಾಲೆ, ಆಸ್ಪತ್ರೆ, ಈಜುಕೊಳ ಮತ್ತು ಕೆಲವು ಹತ್ತು ಮನೆಗಳಿಗೆ ಕೊಳವೆ ಎಳೆದರು. ಆದರೂ 1970ರ ಹೊತ್ತಿಗೆ ದೇಶದ ಅರ್ಧದಷ್ಟು ಮನೆ ಎಣ್ಣೆ ಸುಡುತ್ತಿದ್ದವು. 1973ರಲ್ಲಿ ಎಣ್ಣೆ ಬೆಲೆ ಜಿಗಿದಾಗ ಸರ್ಕಾರ ಬಾವಿ ಕೊರೆಯಲು ಸಾಲ ಕೊಟ್ಟಿತು, ಬಾವಿ ಬರಡಾದರೆ ಸಾಲ ಮನ್ನಾ ಎಂಬ ಷರತ್ತಿನ ಮೇಲೆ. ಬಾವಿ ಕೊರೆಯುವ ಭಯವನ್ನು ಸಣ್ಣ ಪಂಚಾಯಿತಿಯ ತಲೆಯಿಂದ ಇಡೀ ದೇಶ ಹೊತ್ತುಕೊಂಡಿತು. ಕೊಳವೆಗಿಂತ ಯಂತ್ರಕ್ಕಿಂತ ಈ ಒಂದು ಷರತ್ತೇ ದೊಡ್ಡದು ಎಂಬುದು ನಮ್ಮ ಎಣಿಕೆ.

ನೀರು ಎರಡು ಬಗೆಯದು. ರಾಜಧಾನಿಯ ಸುತ್ತಲಿನ ಕಡಿಮೆ ಬಿಸಿಯ ಬಾವಿಗಳ ನೀರು ನೇರವಾಗಿ ಮನೆಗೆ ಹೋಗುತ್ತದೆ. ನೆಸ್ಯವೆಟ್ಲಿರ್, ಹೆಟ್ಲಿಶೇದಿ ಎಂಬ ಉಗಿ ಸ್ಥಾವರಗಳ ಬಾವಿಯ ದ್ರವದಲ್ಲಿ ಸಿಲಿಕ ಹೆಚ್ಚಿರುವುದರಿಂದ ಅದನ್ನು ಕೊಳವೆಗೆ ಬಿಟ್ಟರೆ ಒಳಗೆ ಕಲ್ಲುಕಟ್ಟುತ್ತದೆ. ಅದಕ್ಕೆ ಆ ಬಿಸಿಯಿಂದ ತಣ್ಣನೆಯ ಸಿಹಿನೀರನ್ನು ಕಾಯಿಸಿ ಕಳಿಸುತ್ತಾರೆ. ನೆಸ್ಯವೆಟ್ಲಿರ್‌ನಿಂದ ಊರಿಗೆ 27 ಕಿಲೋಮೀಟರ್. ಅಷ್ಟು ದೂರ ಬಂದರೂ ನೀರು ಆರುವುದು ಒಂದೆರಡು ಡಿಗ್ರಿ ಮಾತ್ರ. ಈ ಎರಡು ನೀರನ್ನು ಬೆರೆಸಬಾರದು: ಒಂದರ ಸಿಲಿಕ, ಇನ್ನೊಂದರ ಮೆಗ್ನೀಷಿಯಂ ಕೂಡಿ ಕೊಳವೆಯಲ್ಲಿ ಮೆಗ್ನೀಷಿಯಂ ಸಿಲಿಕೇಟ್ ಗಸಿ ಕಟ್ಟುತ್ತದೆ. ಹಾಗಾಗಿ ಯಾವ ಬಡಾವಣೆಗೆ ಯಾವ ನೀರು ಎಂದು ಬೇರೆಬೇರೆ ಹಂಚುತ್ತಾರೆ.

ಮನೆಗೆ ಬರುವಾಗ ನೀರು 70-80 ಡಿಗ್ರಿ ಇರುತ್ತದೆ. ಬಿಸಿ ನಲ್ಲಿಗೆ ಕೈಯೊಡ್ಡಿದರೆ ಸುಡುತ್ತದೆ. ಯಾವಾಗಲೂ ಮೊದಲು ತಣ್ಣೀರು ತಿರುಗಿಸಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಸ್ನಾನಕ್ಕೆ ಅದರಿಂದ ಕೇಡಿಲ್ಲ, ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಂಡು ಕೊಳವೆಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ. ಬೆಳ್ಳಿಯ ಒಡವೆ ಮಾತ್ರ ಕಪ್ಪಾಗುತ್ತದೆ, ಬಿಚ್ಚಿಟ್ಟು ಸ್ನಾನ ಮಾಡಿ. ಕುಡಿಯುವ ತಣ್ಣೀರು ಬೇರೆ ಕೊಳವೆಯದು. ವಾಸನೆ ಬಂದರೆ ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಡಿ. ರೇಡಿಯೇಟರ್‌ನಿಂದ ಹೊರಬರುವ ನೀರು ಇನ್ನೂ 30-35 ಡಿಗ್ರಿ ಇರುವುದರಿಂದ ಅದನ್ನು ಕಾಲುದಾರಿಯ ಕೆಳಗೆ ಹಾಯಿಸಿ ಹಿಮ ಕರಗಿಸುತ್ತಾರೆ.

ಈಗ ಜ್ವಾಲಾಮುಖಿ. ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ 2021ರಿಂದ ಮತ್ತೆಮತ್ತೆ ಲಾವಾ ಉಕ್ಕುತ್ತಿದೆ. 2023ರ ನವೆಂಬರ್ 10ರ ರಾತ್ರಿ ಗ್ರಿಂಡವಿಕ್ ಎಂಬ ಮೀನುಗಾರರ ಊರನ್ನು ಪೂರ್ತಿ ತೆರವು ಮಾಡಿದರು. 2024ರ ಫೆಬ್ರವರಿ 8ರಂದು ಲಾವಾ ಸ್ವಾರ್ತ್ಸೆಂಗಿ ಸ್ಥಾವರದ ಬಿಸಿನೀರಿನ ಮುಖ್ಯ ಕೊಳವೆಯನ್ನೇ ಸುಟ್ಟಿತು. ಚಳಿಯ ನಡುವೆ 20 ಸಾವಿರಕ್ಕೂ ಹೆಚ್ಚು ಜನರ ಮನೆ ಆರಿಹೋದವು. ಎಲ್ಲರೂ ಒಟ್ಟಿಗೆ ವಿದ್ಯುತ್ ಹೀಟರ್ ಹಚ್ಚಿದರೆ ತಂತಿಜಾಲ ತಡೆಯುವುದಿಲ್ಲ. ಅದು ಬೀಳದಿರಲೆಂದು ಪ್ರತಿ ಮನೆಯೂ ಮಿತವಾಗಿ ಬಳಸಬೇಕೆಂದು ಕೇಳಿಕೊಂಡರು. ಒಂದೇ ಕೊಳವೆಯನ್ನು ನಂಬಿದ್ದರ ಬೆಲೆ ಅಂದು ತಿಳಿಯಿತು. ಊರಿನ ಸುತ್ತ ಮಣ್ಣು, ಲಾವಾ ಕಲ್ಲಿನ ಎತ್ತರದ ದಿಣ್ಣೆ ಕಟ್ಟಿ ಲಾವಾವನ್ನು ಬೇರೆಡೆ ತಿರುಗಿಸುವುದು ಈಗ ರೂಢಿಯ ಕೆಲಸವಾಗಿದೆ. 1973ರಲ್ಲಿ ಹೇಮಾಯ್ ದ್ವೀಪದಲ್ಲಿ ಲಾವಾ ಬಂದರನ್ನು ಮುಚ್ಚಲು ಬಂದಾಗ ತಿಂಗಳುಗಟ್ಟಲೆ ಸಮುದ್ರದ ನೀರು ಸುರಿದು ಅದರ ಮೂತಿಯನ್ನು ಗಟ್ಟಿ ಮಾಡಿದ್ದರು, ಬಂದರು ಉಳಿಯಿತು. ಇಲ್ಲಿ ಪ್ರತಿ ಕಟ್ಟಡಕ್ಕೂ ಪ್ರಕೃತಿ ವಿಕೋಪದ ವಿಮೆ ಕಡ್ಡಾಯ, ಬೆಂಕಿ ವಿಮೆಯ ಜೊತೆಗೇ ಅದರ ಕಂತನ್ನೂ ವಸೂಲು ಮಾಡುತ್ತಾರೆ.

ಪ್ರಶ್ನೆ: ಬಾಕ್ಸೈಟ್ ಅದಿರೇ ಇಲ್ಲದೆ ಅಲ್ಯೂಮಿನಿಯಂ ತಯಾರಿಸುವುದು ಹೇಗೆ ಲಾಭ?

ಒಂದು ಟನ್ ಅಲ್ಯೂಮಿನಿಯಂಗೆ ಬಾಕ್ಸೈಟಿನಿಂದ ತೆಗೆದ ಅಲ್ಯೂಮಿನಾ ಪುಡಿ ಸುಮಾರು ಎರಡು ಟನ್ನೂ ಹತ್ತಿರಹತ್ತಿರ 15 ಮೆಗಾವ್ಯಾಟ್-ಗಂಟೆ ವಿದ್ಯುತ್ತೂ ಬೇಕು. ಪುಡಿಯನ್ನು ಹಡಗಿನಲ್ಲಿ ತರಬಹುದು. ಐಸ್‌ಲ್ಯಾಂಡಿನ ವಿದ್ಯುತ್ತನ್ನು ಹೊರಗೆ ಒಯ್ಯಲು ಕಡಲಡಿಯ ಕೇಬಲ್ ಇಲ್ಲ. ಹಾಗಾಗಿ ವಿದ್ಯುತ್ತನ್ನು ಲೋಹದ ರೂಪದಲ್ಲಿ ಮಾರುತ್ತಾರೆ ಎನ್ನಬಹುದು. ಸ್ಟ್ರೌಮ್ಸ್‌ವಿಕ್ (1969), ಗ್ರುಂಡಾರ್ಟಾಂಗಿ (1998), ರೇದರ್‌ಫ್ಯೋರ್ದುರ್ (2007) ಎಂಬ ಮೂರು ಕಡೆ ಕುಲುಮೆಗಳಿವೆ, ದೇಶದ ವಿದ್ಯುತ್ತಿನ ಬಹುಪಾಲನ್ನು ಇವೇ ಹೀರುತ್ತವೆ. ಕೆಲವು ಗಂಟೆ ವಿದ್ಯುತ್ ಹೋದರೂ ಕುಂಡದೊಳಗಿನ ಲೋಹ ಹೆಪ್ಪುಗಟ್ಟಿ ಕುಂಡವೇ ಹಾಳಾಗುವುದರಿಂದ, ಎಂದೂ ತಪ್ಪದ ವಿದ್ಯುತ್ ಇವರಿಗೆ ಬೇಕು. ಕೊನೆಯದಕ್ಕಾಗಿ ಪೂರ್ವದ ಎತ್ತರ ನಾಡಿನಲ್ಲಿ ಕೌರಾನ್ಯೂಕರ್ ಅಣೆಕಟ್ಟು ಕಟ್ಟಿದರು, 690 ಮೆಗಾವ್ಯಾಟ್. ಮುಳುಗಿದ ನೆಲಕ್ಕಾಗಿ ನಡೆದ ಪ್ರತಿಭಟನೆಯ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ.

ಪ್ರಶ್ನೆ: ಮನೆತನದ ಹೆಸರೇ ಇಲ್ಲದೆ ಬ್ಯಾಂಕು, ಕಚೇರಿ ಹೇಗೆ ನಡೆಯುತ್ತವೆ?

ಯೋನ್ ಎಂಬವನ ಮಗ ಯೋನ್ಸನ್, ಮಗಳು ಯೋನ್ಸ್‌ದೋತ್ತಿರ್. ಮದುವೆಯಾದರೂ ಹೆಸರು ಬದಲಾಗುವುದಿಲ್ಲ, ಅವಳು ಇನ್ನೂ ತನ್ನ ತಂದೆಯ ಮಗಳೇ. ಅಪ್ಪ, ಅಮ್ಮ, ಮಗ, ಮಗಳು ನಾಲ್ವರಿಗೂ ನಾಲ್ಕು ಕೊನೆಯ ಹೆಸರು ಇರುವುದು ಸಾಮಾನ್ಯ. ತಾಯಿಯ ಹೆಸರು ಹಚ್ಚಿಕೊಳ್ಳುವವರೂ ಇದ್ದಾರೆ. ಗಂಡು ಹೆಣ್ಣು ಎಂಬ ಗುರುತು ಬೇಡವೆಂದು ದಾಖಲಿಸಿದವರು 2019ರ ಕಾಯ್ದೆಯ ನಂತರ ಕೊನೆಗೆ ‘ಬುರ್’ ಸೇರಿಸಬಹುದು, ಅದಕ್ಕೆ ‘ಕೂಸು’ ಎಂದರ್ಥ. ಕೊನೆಯ ಹೆಸರು ಕೇವಲ ವಿವರಣೆಯಾದ್ದರಿಂದ ರಾಷ್ಟ್ರಪತಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಅಚ್ಚಾಗುತ್ತಿದ್ದ ಫೋನ್ ಡೈರೆಕ್ಟರಿಯ ಅಕ್ಷರಕ್ರಮವೂ ಮೊದಲ ಹೆಸರಿನದೇ ಆಗಿತ್ತು.

ಕಚೇರಿ ನಡೆಸುವುದು ಕೆನ್ನಿತಾಲಾ ಎಂಬ ಹತ್ತಂಕಿಯ ಸಂಖ್ಯೆ. ಮೊದಲ ಆರು ಅಂಕಿ ಹುಟ್ಟಿದ ದಿನ, ತಿಂಗಳು, ವರ್ಷ. ಏಳು ಎಂಟನೆಯವು ಕ್ರಮಕ್ಕೆ, ಒಂಬತ್ತನೆಯದು ತಾಳೆ ನೋಡಲು. ಹತ್ತನೆಯದು ಶತಮಾನ: 1900ರ ನಂತರ ಹುಟ್ಟಿದವರಿಗೆ 9, 2000ದಿಂದ 0. ಕೆಲಸಕ್ಕೆ ಬಂದ ವಿದೇಶಿಯರು ಮೊದಲು ಮಾಡಿಸಬೇಕಾದ್ದು ಇದನ್ನೇ. ಇದಿಲ್ಲದೆ ಸಂಬಳದ ಖಾತೆಯೂ ತೆರೆಯದು. ಹುಟ್ಟಿದ ದಿನ ಅದರಲ್ಲೇ ಇರುವುದರಿಂದ ಅದು ಗುಟ್ಟಿನ ಸಂಖ್ಯೆಯಲ್ಲ, ಪಾಸ್‌ವರ್ಡ್‌ನಂತೆ ಬಳಸಬಾರದು.

ಹೊಸ ಹೆಸರಿಡುವವರು ಹೆಸರುಗಳ ಸಮಿತಿಯ ಒಪ್ಪಿಗೆ ಪಡೆಯಬೇಕು. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಹೆಸರಿಗೂ ನಾಲ್ಕು ವಿಭಕ್ತಿ ಉಂಟು. ಷಷ್ಠಿ ಪ್ರತ್ಯಯ ಹತ್ತದ ಹೆಸರಾದರೆ ಮಗುವಿನ ಮಗುವಿಗೆ ‘ಇಂಥವನ ಮಗ’ ಎಂದು ಹೇಳುವುದೇ ಆಗುವುದಿಲ್ಲ. ಸಮಿತಿ ಕೇಳುವ ಮುಖ್ಯ ಪ್ರಶ್ನೆ ಇದು.

ಪ್ರಶ್ನೆ: 2008ರ ಬ್ಯಾಂಕ್ ಕುಸಿತದಿಂದ ಚೇತರಿಸಿಕೊಂಡಿದ್ದಾರೆ ಎನ್ನುತ್ತಾರೆ. ಆದರೂ ಅಲ್ಲಿನ ಮನೆ ಸಾಲ ತೀರುವುದೇ ಇಲ್ಲವಂತೆ?

2008ರ ಅಕ್ಟೋಬರ್‌ನ ಒಂದೇ ವಾರದಲ್ಲಿ ಮೂರು ದೊಡ್ಡ ಬ್ಯಾಂಕುಗಳು ಬಿದ್ದವು. ಅವುಗಳ ಆಸ್ತಿಯ ಮೊತ್ತ ದೇಶದ ವಾರ್ಷಿಕ ಉತ್ಪನ್ನದ ಸುಮಾರು ಹತ್ತು ಪಟ್ಟು; ಸರ್ಕಾರ ಎತ್ತಿ ನಿಲ್ಲಿಸುವ ಮಾತೇ ಇರಲಿಲ್ಲ. ದೇಶದೊಳಗಿನ ಠೇವಣಿಯನ್ನು ಹೊಸ ಬ್ಯಾಂಕುಗಳಿಗೆ ಸರಿಸಿ, ಬ್ಯಾಂಕುಗಳಿಗೆ ಸಾಲ ಕೊಟ್ಟಿದ್ದ ವಿದೇಶಿಯರಿಗೆ ನಷ್ಟ ಬಿಟ್ಟರು. ಹಣ ಹೊರಹೋಗದಂತೆ ಹಾಕಿದ ತಡೆ 2017ರವರೆಗೆ ಇತ್ತು. ಅಲ್ಲಿನ ನಾಣ್ಯ ಕ್ರೋನಾದ ಬೆಲೆ ಇಳಿದದ್ದೂ 2010ರಲ್ಲಿ ಎಯ್ಯಾಫ್ಯಾಟ್ಲಯೋಕುಟ್ಲ್ ಜ್ವಾಲಾಮುಖಿ ಲೋಕದ ಕಣ್ಣಿಗೆ ಬಿದ್ದದ್ದೂ ಸೇರಿ ಪ್ರವಾಸಿಗರನ್ನು ತಂದವು: 2010ರಲ್ಲಿ 5 ಲಕ್ಷದೊಳಗಿದ್ದವರು 2018ರಲ್ಲಿ 23 ಲಕ್ಷ.

ಸಾಲದ ಮಾತು ಬೇರೆ. 1979ರಿಂದ ಅಲ್ಲಿ ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಸಾಲ ಇದೆ. 4 ಕೋಟಿ ಕ್ರೋನಾ ಸಾಲ, ವರ್ಷದ ಹಣದುಬ್ಬರ ಶೇ. 6 ಎಂದರೆ 24 ಲಕ್ಷ ಅಸಲಿಗೇ ಸೇರುತ್ತದೆ. ಬಡ್ಡಿ ಅದರ ಮೇಲೆ. ತಿಂಗಳ ಕಂತು ಕಡಿಮೆ ಕಾಣುತ್ತದೆ, ಆದರೆ 40 ವರ್ಷದ ಸಾಲದಲ್ಲಿ ಮೊದಲ ಹಲವು ವರ್ಷ ಕಟ್ಟುತ್ತಲೇ ಇದ್ದರೂ ಬಾಕಿ ಬೆಳೆಯುತ್ತದೆ. ಸೂಚ್ಯಂಕವಿಲ್ಲದ ಸಾಲದಲ್ಲಿ ಅಸಲು ಇಳಿಯುತ್ತದೆ, ಕಂತು ಮಾತ್ರ ಬಡ್ಡಿದರದ ಜೊತೆ ಜಿಗಿಯುತ್ತದೆ. 2023ರಲ್ಲಿ ಕೇಂದ್ರ ಬ್ಯಾಂಕಿನ ದರ ಶೇ. 9.25 ಮುಟ್ಟಿದಾಗ ಕಂತು ಭರಿಸಲಾಗದೆ ಎಷ್ಟೋ ಮನೆಯವರು ಮತ್ತೆ ಸೂಚ್ಯಂಕದ ಸಾಲಕ್ಕೆ ಮರಳಿದರು. ಲೆಕ್ಕ ನೋಡುವವರಿಗೆ ಕಿವಿಮಾತು: ಕಂತನ್ನಲ್ಲ, ಹತ್ತನೇ ವರ್ಷದ ಕೊನೆಗೆ ಬಾಕಿ ಎಷ್ಟಿರುತ್ತದೆ ಎಂಬುದನ್ನು ಕೇಳಬೇಕು.

ಪ್ರಶ್ನೆ: ಹೆಂಗಸರು ಒಂದು ದಿನ ಇಡೀ ದೇಶವನ್ನು ನಿಲ್ಲಿಸಿದ್ದು ಯಾವಾಗ?

1975ರ ಅಕ್ಟೋಬರ್ 24, ಶುಕ್ರವಾರ. ಕಚೇರಿಯ ಕೆಲಸ, ಮನೆಯ ಕೆಲಸ ಎರಡನ್ನೂ ಸುಮಾರು ಶೇ. 90 ಹೆಂಗಸರು ಬಿಟ್ಟರು. ಮೀನು ಕಾರ್ಖಾನೆ, ಶಾಲೆ, ದೂರವಾಣಿ ವಿನಿಮಯ ಕೇಂದ್ರ ಸ್ತಬ್ಧ. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು. ಐದು ವರ್ಷಕ್ಕೆ ವಿಗ್ದಿಸ್ ಫಿನ್‌ಬೊಗಾದೋತ್ತಿರ್ ಗೆದ್ದು, ಜನರ ಮತದಿಂದ ರಾಷ್ಟ್ರಪತಿಯಾದ ಜಗತ್ತಿನ ಮೊದಲ ಮಹಿಳೆಯಾದರು. 16 ವರ್ಷ ಆ ಸ್ಥಾನದಲ್ಲಿದ್ದರು. 2018ರಿಂದ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ತಾನು ಸಮಾನ ಸಂಬಳ ಕೊಡುತ್ತಿದ್ದೇನೆಂದು ತಾನೇ ಸಾಬೀತುಮಾಡುವ ಕಾನೂನು ಬಂತು. ಹೆರಿಗೆ ರಜೆ 2021ರಿಂದ ಒಟ್ಟು 12 ತಿಂಗಳು: ತಾಯಿಗೆ 6, ತಂದೆಗೆ 6, ಒಬ್ಬರಿಂದ ಇನ್ನೊಬ್ಬರಿಗೆ ಕೊಡಬಹುದಾದ್ದು 6 ವಾರ ಮಾತ್ರ. ತಂದೆ ತೆಗೆದುಕೊಳ್ಳದಿದ್ದರೆ ಉಳಿದದ್ದು ವ್ಯರ್ಥ, ಹಾಗಾಗಿಯೇ ಅಪ್ಪಂದಿರು ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ಕಂಪ್ಯೂಟರ್‌ಗೂ ಅವರು ತಮ್ಮದೇ ಪದ ಬಳಸುತ್ತಾರಂತೆ?

ತೊಲ್ವಾ. ಸಂಖ್ಯೆ ಎಂಬ ಪದವನ್ನೂ ಕಣಿ ಹೇಳುವವಳು ಎಂಬ ಹಳೆಯ ಪದವನ್ನೂ ಬೆಸೆದು 1960ರ ದಶಕದಲ್ಲಿ ವಿದ್ವಾಂಸ ಸಿಗುರ್ದುರ್ ನೋರ್ದಾಲ್ ಕಟ್ಟಿದ್ದು. ಫೋನಿಗೆ ‘ಸೀಮಿ’, ಅದು ಮರೆತುಹೋಗಿದ್ದ ‘ದಾರ’ ಎಂಬ ಪದ. ವಿದ್ಯುತ್ತಿಗೆ ‘ಅಂಬರಿನ ಶಕ್ತಿ’. ಪರದೆಗೆ ಬಳಸುವ ಪದ, ಹಿಂದೆ ಗಾಜಿಲ್ಲದ ಕಿಟಕಿಗೆ ಬಿಗಿಯುತ್ತಿದ್ದ ತೆಳು ಚರ್ಮದ್ದು. ಪದ ಕಟ್ಟುವುದು ಭಾಷಾ ಪಂಡಿತರಷ್ಟೇ ಅಲ್ಲ, ಆಯಾ ವೃತ್ತಿಯವರೇ. ವಿದ್ಯುತ್ ಎಂಜಿನಿಯರ್‌ಗಳ ಪದಸಮಿತಿ 1941ರಿಂದ ಕೂಡುತ್ತಿದೆ. ಬಳಸುವವರೇ ಕಟ್ಟಿದ ಪದ ಕಚೇರಿಯ ಕಡತದಲ್ಲಿ ಸಾಯುವುದಿಲ್ಲ. ಈಗಿನ ಆತಂಕ ಯಂತ್ರಗಳದು: ಮಕ್ಕಳು ಮಾತಾಡುವ ಉಪಕರಣಗಳಿಗೆ ಐಸ್‌ಲ್ಯಾಂಡಿಕ್ ಬಾರದಿದ್ದರೆ ಮಕ್ಕಳು ಇಂಗ್ಲಿಷಿಗೆ ಹೊರಳುತ್ತಾರೆ. ಅದಕ್ಕೆ ಜನರಿಂದಲೇ ವಾಕ್ಯ ಓದಿಸಿ ಧ್ವನಿ ಸಂಗ್ರಹಿಸುತ್ತಿದ್ದಾರೆ.

ಪ್ರಶ್ನೆ: ಲೋಪಪೇಸಾ ಸ್ವೆಟರ್ ಕೊಳ್ಳುವಾಗ ಅಸಲಿಯೋ ಅಲ್ಲವೋ ಹೇಗೆ ತಿಳಿಯುವುದು?

ಹೆಸರಿನ ಚೀಟಿಯಲ್ಲಿ ಎರಡು ಮಾತು ಇರಬೇಕು: ಉಣ್ಣೆ ಐಸ್‌ಲ್ಯಾಂಡ್ ಕುರಿಯದು, ಹೆಣೆದದ್ದು ಐಸ್‌ಲ್ಯಾಂಡಿನಲ್ಲಿ ಕೈಯಿಂದ. ‘ಐಸ್‌ಲ್ಯಾಂಡ್ ಉಣ್ಣೆ’ ಎಂದಷ್ಟೇ ಇದ್ದರೆ ಬೇರೆ ದೇಶದಲ್ಲಿ ಹೆಣೆದು ತಂದದ್ದಿರಬಹುದು. 2020ರಿಂದ ‘ಐಸ್‌ಲ್ಯಾಂಡಿಕ್ ಲೋಪಪೇಸಾ’ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಆಮೇಲೆ ಪಕ್ಕೆಯನ್ನು ನೋಡಿ: ಅಸಲಿಯನ್ನು ಕೆಳಗಿನಿಂದ ಮೇಲಕ್ಕೆ ಕೊಳವೆಯಂತೆ ಸುತ್ತಿ ಹೆಣೆದು, ಕಂಕುಳಲ್ಲಿ ತೋಳನ್ನು ಸೇರಿಸಿ, ಕೊರಳ ಸುತ್ತ ಚಿತ್ತಾರ ಎತ್ತುತ್ತಾರೆ. ಪಕ್ಕೆಯಲ್ಲಿ ಹೊಲಿಗೆ ಇರುವುದಿಲ್ಲ.

ಈ ಕುರಿಗೆ ಎರಡು ಪದರ ಉಣ್ಣೆ. ಹೊರಗಿನ ‘ಟೋಗ್’ ಉದ್ದ, ಒರಟು, ನೀರು ಜಾರಿಸುತ್ತದೆ. ಒಳಗಿನ ‘ಥೇಲ್’ ಮೆತ್ತಗೆ, ಬಿಸಿ ಹಿಡಿಯುತ್ತದೆ. ಎರಡೂ ಬೆರೆತಿರುವುದರಿಂದಲೇ ಅಸಲಿ ಸ್ವೆಟರ್ ಸ್ವಲ್ಪ ಚುಚ್ಚುತ್ತದೆ. ಒಳಗೆ ತೆಳು ಅಂಗಿ ಹಾಕಿಕೊಳ್ಳಿ. ಹುರಿ ಹಾಕದ ‘ಲೋಪಿ’ ಉಣ್ಣೆ ಎಳೆಯಿಂದ ನೀವೇ ಹೆಣೆಯುವಿರಾದರೆ ಎಳೆದು ಬಿಗಿ ಮಾಡಬೇಡಿ, ಫಕ್ಕನೆ ಹರಿಯುತ್ತದೆ. ಹರಿದರೆ ಗಂಟು ಹಾಕಬೇಡಿ: ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು, ಒದ್ದೆ ಅಂಗೈಗಳ ನಡುವೆ ಉಜ್ಜಿದರೆ ಕೂಡಿಕೊಳ್ಳುತ್ತವೆ. ಒಗೆಯುವುದು ವರ್ಷಕ್ಕೆ ಒಂದೆರಡು ಸಲ ಸಾಕು, ಉಗುರುಬೆಚ್ಚನೆಯ ನೀರಿನಲ್ಲಿ ಉಜ್ಜದೆ, ತಿರುಚದೆ. ಬಿಸಿನೀರು ಮತ್ತು ಉಜ್ಜುವಿಕೆ ಸೇರಿದರೆ ಉಣ್ಣೆ ಕಂಬಳಿಯಂತೆ ಕುಗ್ಗುತ್ತದೆ. ಟವೆಲ್‌ನಲ್ಲಿ ಸುರುಳಿ ಸುತ್ತಿ ನೀರು ಹಿಂಡಿ, ನೆರಳಿನಲ್ಲಿ ಮಟ್ಟಸವಾಗಿ ಹರಡಿ ಒಣಗಿಸಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿನವರೆಗೆ ಜೋತುಬೀಳುತ್ತದೆ.